ಚಿಮಣಿಯಿಂದ ಹಾರಿಹೋಗುವ ದುಡ್ಡು

ನಮಸ್ಕಾರ ಕೇಳುಗರೆ.

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ, ರಾಯಬಾಗ, ಗೋಕಾಕ ಕಡೆ ಮಾಳಿಗೆ ಮೇಲೆ ಬಟ್ಟೆ ಒಣಹಾಕುವವರಿಗೆ ಒಂದು ಕೆಲಸ ಜಾಸ್ತಿಯಾಗುತ್ತದೆ. ಬಿಳಿ ಧೋತರದ ಮೇಲೆ ಸಣ್ಣ ಸಣ್ಣ ಕರಿ ಚೂರು ಬಂದು ಕೂತಿರುತ್ತವೆ. ಒದ್ದೆ ಕೈಯಿಂದ ಒರೆಸಿದಿರೋ, ಕೆಟ್ಟಿತು. ಗೀರಾಗಿ ಹರಡಿಬಿಡುತ್ತದೆ. ಸುಮ್ನೆ ಕೊಡವಬೇಕು, ಇಲ್ಲವೇ ಊದಬೇಕು. ಅದು ಪೂರ್ತಿ ಸುಡದೆ ಚಿಮಣಿಯಿಂದ ಹಾರಿಬಂದ ಕಬ್ಬಿನ ಸಿಪ್ಪೆ. ಫ್ಯಾಕ್ಟರಿಯವರು ಬಗಾಸ್ ಅನ್ನುತ್ತಾರೆ. ನಮಗೆ ಅದು ಹೊಲಸು. ಬಾಯ್ಲರ್ ನಡೆಸುವವರ ಲೆಕ್ಕದಲ್ಲಿ ಉರಿಯದೆ ಹೋದ ಉರುವಲು.

ಗಾಳಿ, ನೀರು, ಹೊಗೆ ತೊಳೆಯುವ ಯಂತ್ರಗಳ ಬಗ್ಗೆ ಇವತ್ತು ಮಾತಾಡಬೇಕು. ಪರಿಸರದ ಮೇಲಿನ ಪ್ರೀತಿಯಿಂದ ಯಾರೋ ಇವನ್ನೆಲ್ಲ ಕಂಡುಹಿಡಿದರು ಅಂತ ನಾವು ಅಂದುಕೊಂಡಿರುತ್ತೇವೆ. ಒಂದೊಂದರ ಕಥೆ ಬಿಚ್ಚಿ ನೋಡಿದರೆ ಬಹಳಷ್ಟು ಕಡೆ ಸಿಗುವುದು ಎರಡೇ ಕಾರಣ. ಒಂದು, ಕೈತಪ್ಪಿ ಹೋಗುತ್ತಿದ್ದ ದುಡ್ಡು. ಇನ್ನೊಂದು, ಪಕ್ಕದ ಹೊಲದವರ ತಕರಾರು.

ಮೊದಲು ಸಕ್ಕರೆಯನ್ನೇ ತಗೊಳ್ಳೋಣ. ಮಹಾಲಿಂಗಪುರದ ಸುತ್ತಮುತ್ತ ಇರುವವರಿಗೆ ಬೆಲ್ಲದ ಕೊಪ್ಪರಿಗೆ ಹೊಸದಲ್ಲ. ಕಬ್ಬಿನ ಹಾಲು ಕುದಿಯುತ್ತಿರುತ್ತದೆ, ಆವಿ ಮೇಲೆ ಹೋಗುತ್ತಿರುತ್ತದೆ, ಕೆಳಗೆ ಒಲೆಗೆ ಸಿಪ್ಪೆ ತುರುಕುತ್ತಲೇ ಇರಬೇಕು. ಇನ್ನೂರು ವರ್ಷದ ಹಿಂದೆ ಅಮೆರಿಕದ ಲೂಸಿಯಾನದಲ್ಲೂ ಸಕ್ಕರೆ ಹೀಗೇ ತಯಾರಾಗುತ್ತಿತ್ತು. ಅಲ್ಲಿ ಕೊಪ್ಪರಿಗೆಗಳ ಒಂದು ಸಾಲು. ಕುದಿಯುವ ಹಾಲನ್ನು ಉದ್ದ ಹಿಡಿಕೆಯ ಸೌಟಿನಿಂದ ಒಂದರಿಂದ ಇನ್ನೊಂದಕ್ಕೆ ಮೊಗೆದು ಹಾಕುವವರು ಗುಲಾಮರು. ಮೈ ಸುಟ್ಟುಕೊಳ್ಳುವವರೂ ಅವರೇ.

ಆ ಸಾಲನ್ನು ಬದಲಿಸಿದವರು ನಾರ್ಬರ್ಟ್ ರಿಲ್ಯೂ. ಹುಟ್ಟಿದ್ದು 1806ರಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ. ತಂದೆ ಬಿಳಿಯರು, ತಾಯಿ ಗುಲಾಮಗಿರಿಯಲ್ಲಿಲ್ಲದ ಕಪ್ಪು ವಂಶದ ಹೆಣ್ಣುಮಗಳು. ಪ್ಯಾರಿಸ್ಸಿಗೆ ಹೋಗಿ ಓದಿದರು. ಅವರಿಗೆ ಹೊಳೆದದ್ದು ಇಷ್ಟೇ: ಮೊದಲ ಪಾತ್ರೆಯಿಂದ ಏಳುವ ಆವಿಯಲ್ಲಿ ಬಿಸಿ ಇನ್ನೂ ಇದೆ, ಅದನ್ನೇಕೆ ಆಕಾಶಕ್ಕೆ ಬಿಡಬೇಕು? ಅದರಿಂದಲೇ ಎರಡನೇ ಪಾತ್ರೆ ಕುದಿಸಬಾರದೇಕೆ? ಆದರೆ 100 ಡಿಗ್ರಿ ಆವಿಯಿಂದ 100 ಡಿಗ್ರಿಗೆ ಕುದಿಯುವ ಹಾಲನ್ನು ಕುದಿಸಲು ಬರುವುದಿಲ್ಲ. ಅದಕ್ಕೆ ಅವರು ಪಾತ್ರೆಗಳನ್ನು ಮುಚ್ಚಿ, ಒಳಗಿನ ಗಾಳಿ ಎಳೆದು, ಒತ್ತಡ ಇಳಿಸುತ್ತ ಹೋದರು. ಒತ್ತಡ ಇಳಿದಂತೆ ಕುದಿಯುವ ಮಟ್ಟವೂ ಇಳಿಯುತ್ತದೆ. ಈಗಿನ ಫ್ಯಾಕ್ಟರಿಗಳಲ್ಲಿ ಕೊನೆಯ ಪಾತ್ರೆಯಲ್ಲಿ ಹಾಲು 55 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತಿರುತ್ತದೆ. 1843ರಲ್ಲಿ ಒಂದು ಪೇಟೆಂಟ್, 1846ರಲ್ಲಿ ಇನ್ನೊಂದು ಅವರಿಗೆ ಸಿಕ್ಕಿತು.

ಇದರಿಂದ ಏನಾಯಿತು ಅಂತ ಲೆಕ್ಕ ಹಾಕಿ ನೋಡಿ. 100 ಕೆಜಿ ಹಾಲಿನಲ್ಲಿ ಸಕ್ಕರೆ ಮತ್ತಿತರ ಕರಗಿದ ವಸ್ತು ಸುಮಾರು 15 ಕೆಜಿ. ಅದು ಗಟ್ಟಿ ಪಾಕವಾಗಿ ಹೊರಬರುವಾಗ ಒಟ್ಟು ತೂಕ 25 ಕೆಜಿ. ಅಂದರೆ 75 ಕೆಜಿ ನೀರು ಆವಿಯಾಗಬೇಕು. ಒಂದೇ ಪಾತ್ರೆಯಲ್ಲಾದರೆ ಹೆಚ್ಚೂಕಡಿಮೆ ಅಷ್ಟೇ ತೂಕದ ಹಬೆ ಬೇಕು. ನಾಲ್ಕು ಪಾತ್ರೆ ಸಾಲಿಟ್ಟರೆ ಅದರ ಕಾಲುಭಾಗದ ಹತ್ತಿರಕ್ಕೆ ಇಳಿಯುತ್ತದೆ. ಈ ನಾಲ್ಕರ ಸಾಲಿಗೆ ನಮ್ಮ ಫ್ಯಾಕ್ಟರಿಗಳಲ್ಲಿ ಕ್ವಾಡ್ ಅನ್ನುತ್ತಾರೆ. ಉಳಿದ ಬಗಾಸ್ ಉರಿಸಿಯೇ ಇವತ್ತು ಕರೆಂಟ್ ತಯಾರಿಸಿ ಮಾರುವುದು. ಇನ್ನೊಂದು ಲಾಭವೂ ಇದೆ. ಕಬ್ಬಿನ ತೂಕದಲ್ಲಿ 100ಕ್ಕೆ ಸುಮಾರು 70 ಪಾಲು ನೀರು. ಆ ನೀರು ಕ್ವಾಡ್‌ನಿಂದ ತಿಳಿಯಾಗಿ, ಬಿಸಿಯಾಗಿ ಹೊರಗೆ ಬರುತ್ತದೆ. ಅಳತೆ ಬಾಟಲಿಯಲ್ಲಿ ಹಿಡಿದರೆ ಬಣ್ಣವಿಲ್ಲ, ಮೂಗಿನ ಹತ್ತಿರ ತಂದರೆ ಮಾತ್ರ ಸಣ್ಣಗೆ ಬೆಲ್ಲದ ವಾಸನೆ. ಒಳ್ಳೆಯದನ್ನು ಬಾಯ್ಲರಿಗೆ ಕೊಡುತ್ತಾರೆ, ಸಕ್ಕರೆ ಅಂಶ ಸೇರಿದ್ದನ್ನು ಬೇರೆಡೆ ಬಳಸುತ್ತಾರೆ. ಕೃಷ್ಣೆಯ ನೀರು ಅಷ್ಟರಮಟ್ಟಿಗೆ ಉಳಿಯಿತು ಅಲ್ವಾ?

ರಿಲ್ಯೂ ಅವರಿಗೆ ಮಾತ್ರ ಅಮೆರಿಕದಲ್ಲಿ ಬಾಳುವುದು ಕಷ್ಟವಾಯಿತು. ಅವರ ಯಂತ್ರದಿಂದ ಸಾಹುಕಾರರು ದುಡ್ಡು ಮಾಡಿಕೊಂಡರು. ಕಪ್ಪು ವಂಶದವರು ಅನ್ನುವ ಕಾರಣಕ್ಕೆ ಕಾನೂನು ಅವರಿಗೆ ಮತ್ತೆ ಮತ್ತೆ ಅಡ್ಡ ಬಂತು. ಫ್ರಾನ್ಸಿಗೆ ಹೊರಟುಹೋದರು. 1894ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು.

ಈಗ ಹೊಗೆಯ ಮಾತು. ಫ್ರೆಡರಿಕ್ ಕಾಟ್ರೆಲ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕೆಮಿಸ್ಟ್ರಿ ಮೇಷ್ಟ್ರು. 1906ರ ಸುಮಾರಿಗೆ ಗಂಧಕಾಮ್ಲದ ಮಂಜನ್ನು ಹಿಡಿಯುವ ಕೆಲಸ ಅವರ ಕೈಗೆ ಬಂತು. ಮಂಜಾಗಿ ತೇಲುವ ಆಸಿಡ್ ಸುಲಭಕ್ಕೆ ಕೈಗೆ ಸಿಗುವ ವಸ್ತುವಲ್ಲ. ಹೆಚ್ಚು ವೋಲ್ಟೇಜಿನ ತಂತಿಯ ಹತ್ತಿರ ಹಾಯಿಸಿದರೆ ಹನಿಗಳಿಗೆ ವಿದ್ಯುತ್ ಏರುತ್ತದೆ, ಎದುರಿನ ತಗಡಿಗೆ ಹೋಗಿ ಅಂಟುತ್ತವೆ. ತತ್ವ ಹಳೆಯದೇ. ಇಂಗ್ಲೆಂಡಿನ ಆಲಿವರ್ ಲಾಡ್ಜ್ 1880ರ ದಶಕದಲ್ಲೇ ಸೀಸದ ಕಾರ್ಖಾನೆಯಲ್ಲಿ ಪ್ರಯತ್ನಿಸಿ ಸೋತಿದ್ದರು. ಎಂಥ ತಂತಿ ಬಳಸಬೇಕು ಅನ್ನುವುದೇ ತೊಡಕು. ಕಾಟ್ರೆಲ್ ಒಂದು ಸಂಜೆ ಮಬ್ಬುಗತ್ತಲಲ್ಲಿ ಪ್ರಯೋಗ ಮಾಡುತ್ತಿದ್ದಾಗ, ಕರೆಂಟ್ ತರಲು ಮೇಜಿನ ಮೇಲೆ ಹಾಯಿಸಿದ್ದ ಹತ್ತಿ ನೂಲು ಸುತ್ತಿದ ತಂತಿ ತಾನೇ ಮಿಣುಕುತ್ತಿರುವುದು ಕಂಡಿತು. ಪ್ರಯೋಗಕ್ಕೆಂದು ಇಟ್ಟ ಚೂಪು ಮೊನೆಗಳಿಗಿಂತ ಅದೇ ಚೆನ್ನಾಗಿ ಕೆಲಸ ಮಾಡುತ್ತಿತ್ತು. ನೂಲಿನ ಒಂದೊಂದು ಎಳೆಯೂ ಒಂದೊಂದು ಮೊನೆ! 1908ರಲ್ಲಿ ಪೇಟೆಂಟ್ ಸಿಕ್ಕಿತು.

ಅದೇ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಅನ್ನುವ ಊರಲ್ಲಿ ಸಿಮೆಂಟ್ ಫ್ಯಾಕ್ಟರಿ ಇತ್ತು, ಸುತ್ತ ಕಿತ್ತಳೆ ತೋಟ ಇದ್ದವು. ಎಲೆ ಮೇಲೆ ಸಿಮೆಂಟ್ ಧೂಳು ಕೂತು ಗಟ್ಟಿಯಾಗುತ್ತಿತ್ತು. ತೋಟದವರು ಕೋರ್ಟಿಗೆ ಹೋದರು. ಫ್ಯಾಕ್ಟರಿ ಕಾಟ್ರೆಲ್ಲರ ಯಂತ್ರ ತಂದು ಕೂರಿಸಿತು. ಲೋಕಾಪುರ, ಕಲಾದಗಿ ಕಡೆಯ ಕೇಳುಗರು ಇದನ್ನು ಕೇಳಿ ನಗುತ್ತಿರಬಹುದು. ಸುಣ್ಣದಕಲ್ಲು, ಸಿಮೆಂಟು, ತೋಟ ಎಲ್ಲ ಅಕ್ಕಪಕ್ಕದಲ್ಲಿರುವ ನಾಡಲ್ಲವೇ ನಮ್ಮದು? ಕಥೆ ಅಲ್ಲಿಗೇ ಮುಗಿಯಲಿಲ್ಲ. ಮೊದಲ ಮಹಾಯುದ್ಧ ಬಂದು ಜರ್ಮನಿಯಿಂದ ಪೊಟ್ಯಾಶ್ ಗೊಬ್ಬರ ನಿಂತುಹೋಯಿತು. ಬೆಲೆ ಏರಿತು. ಆಗ ನೋಡಿದರೆ ಹಿಡಿದಿಟ್ಟ ಧೂಳಿನಲ್ಲೇ ಪೊಟ್ಯಾಶ್! ದಂಡ ಎಂದುಕೊಂಡ ಯಂತ್ರ ಗಳಿಸತೊಡಗಿತು. ಕಾಟ್ರೆಲ್ ಪೇಟೆಂಟಿನ ದುಡ್ಡನ್ನು ಮನೆಗೆ ಒಯ್ಯಲಿಲ್ಲ. 1912ರಲ್ಲಿ ರಿಸರ್ಚ್ ಕಾರ್ಪೊರೇಷನ್ ಅನ್ನುವ ಸಂಸ್ಥೆ ಕಟ್ಟಿ ಅದಕ್ಕೆ ಹಾಕಿದರು. ಮುಂದೆ ವಿಜ್ಞಾನಿ ಅರ್ನೆಸ್ಟ್ ಲಾರೆನ್ಸ್ ಅವರ ಸೈಕ್ಲೋಟ್ರಾನ್ ಅನ್ನುವ ಪರಮಾಣು ಯಂತ್ರಕ್ಕೂ ಆ ಸಂಸ್ಥೆ ನೆರವು ಕೊಟ್ಟಿತು.

ಇವತ್ತು ಅದೇ ಯಂತ್ರಕ್ಕೆ ಎಲ್ಲರೂ ಇಎಸ್‌ಪಿ ಅನ್ನುತ್ತಾರೆ. ಕೂಡಗಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರದಂಥ ಕಡೆ ಅದಿಲ್ಲದೆ ನಡೆಯುವುದೇ ಇಲ್ಲ. ಹೊರಗಿನಿಂದ ನೋಡಿದರೆ ದೊಡ್ಡ ತಗಡಿನ ಗೋಡೌನು. ಹತ್ತಿರ ನಿಂತರೆ ಆಗಾಗ ಠಣ್ ಅಂತ ಸದ್ದು. ತಗಡಿಗೆ ಅಂಟಿದ ಬೂದಿ ಉದುರಲು ಸುತ್ತಿಗೆ ಬಡಿಯುವ ಸದ್ದು ಅದು. ಚೆನ್ನಾಗಿ ನಡೆಸಿದರೆ 100ಕ್ಕೆ 99 ಪಾಲಿಗಿಂತ ಜಾಸ್ತಿ ಬೂದಿ ಕೆಳಗೆ ಬೀಳುತ್ತದೆ. ಚೆನ್ನಾಗಿ ನಡೆಸಿದರೆ ಅಂತ ಒತ್ತಿ ಹೇಳುತ್ತಿದ್ದೇನೆ. ಬೂದಿ ತುಂಬಿದ ತೊಟ್ಟಿ ಖಾಲಿ ಮಾಡದಿದ್ದರೆ, ತಂತಿ ಹರಿದರೂ ಸುಮ್ಮನಿದ್ದರೆ, ಯಂತ್ರ ಅಲ್ಲೇ ನಿಂತಿರುತ್ತದೆ, ಹೊಗೆ ಆರಾಮಾಗಿ ಹಾದುಹೋಗುತ್ತದೆ. ಬೂದಿಗೆ ಗಿರಾಕಿ ಇರುವ ಕಡೆ ಇದನ್ನು ಜೋಪಾನ ಮಾಡುತ್ತಾರೆ. ಇಟ್ಟಿಗೆ ಮಾಡುವವರು, ಸಿಮೆಂಟಿನವರು ಲಾರಿ ತಂದು ಒಯ್ಯುತ್ತಾರೆ. ಗಿರಾಕಿ ಇಲ್ಲದಿದ್ದರೆ ಯಾರಾದರೂ ಕಣ್ಣಿಟ್ಟು ಕೇಳುವವರು ಬೇಕು.

ಇನ್ನು ನೀರು. ಸಕ್ಕರೆ ತೆಗೆದ ಮೇಲೆ ಉಳಿಯುವ ಕರಿ ಪಾಕ, ಅಂದರೆ ಮೊಲ್ಯಾಸಿಸ್‌ನಿಂದ ಸ್ಪಿರಿಟ್ ತೆಗೆಯುವ ಡಿಸ್ಟಿಲರಿಗಳಲ್ಲಿ ಒಂದು ಲೀಟರ್ ಸ್ಪಿರಿಟ್‌ಗೆ 10ರಿಂದ 15 ಲೀಟರ್ ಕಂದು ನೀರು ಉಳಿಯುತ್ತದೆ. ಸ್ಪೆಂಟ್ ವಾಶ್. ಇದು ಹಳ್ಳಕ್ಕೆ ಸೇರಿದರೆ ನೀರಿನೊಳಗಿನ ಆಮ್ಲಜನಕವೆಲ್ಲ ಖಾಲಿ, ಮೀನು ತೇಲುತ್ತವೆ. ಮನೆಗಳ ಚರಂಡಿ ನೀರಿಗಿಂತ ನೂರಾರು ಪಟ್ಟು ಖಾರ ಇದು. ಹಾಲೆಂಡಿನ ಗಾಟ್ಸೆ ಲೆಟ್ಟಿಂಗ 1970ರ ದಶಕದಲ್ಲಿ ಇಂಥ ನೀರಿಗೊಂದು ಉಪಾಯ ಕಂಡುಕೊಂಡರು. ಅವರು ಪರೀಕ್ಷೆ ಮಾಡಿದ್ದೂ ಸಕ್ಕರೆ ಫ್ಯಾಕ್ಟರಿಯ ನೀರಿನ ಮೇಲೆ. ಅಲ್ಲಿ ಕಬ್ಬಲ್ಲ, ಬೀಟ್‌ರೂಟ್ ಜಾತಿಯ ಗಡ್ಡೆ. ನೀರನ್ನು ಟ್ಯಾಂಕಿನ ತಳದಿಂದ ಮೇಲಕ್ಕೆ ನಿಧಾನ ಹರಿಸಿದರೆ, ಗಾಳಿ ಬೇಡದ ಸೂಕ್ಷ್ಮಜೀವಿಗಳು ಒಂದಕ್ಕೊಂದು ಅಂಟಿ ಸಾಸಿವೆಯಂಥ ಕಾಳುಗಳಾಗುತ್ತವೆ. ತೂಕ ಇರುವುದರಿಂದ ಕೊಚ್ಚಿಹೋಗುವುದಿಲ್ಲ. ಕೊಳೆ ತಿನ್ನುತ್ತವೆ, ಮೀಥೇನ್ ಕೊಡುತ್ತವೆ. ಗಾಳಿ ಊದುವ ಮೋಟರಿನ ಖರ್ಚಿಲ್ಲ, ಮೇಲೆ ಉರುವಲು ಸಿಕ್ಕಿತು. ಲೆಟ್ಟಿಂಗ ಇದಕ್ಕೆ ಪೇಟೆಂಟ್ ಬೇಡ ಅಂದರು. ಯಾರು ಬೇಕಾದರೂ ಕಟ್ಟಿಕೊಳ್ಳಲಿ ಅಂತ ಬಿಟ್ಟುಕೊಟ್ಟರು.

ಗ್ಯಾಸ್ ತೆಗೆದ ಮೇಲೂ ಸ್ಪೆಂಟ್ ವಾಶ್‌ನ ಬಣ್ಣ ಹೋಗುವುದಿಲ್ಲ. ಹಾಗಾಗಿ ಈಗ ಅದನ್ನು ಆವಿ ಮಾಡಿ ಗಟ್ಟಿ ಮಾಡುತ್ತಾರೆ. ಯಾವುದರಲ್ಲಿ? ರಿಲ್ಯೂ ಅವರ ಪಾತ್ರೆ ಸಾಲಿನಲ್ಲೇ. ಗಟ್ಟಿಯಾದದ್ದನ್ನು ಬಗಾಸ್ ಅಥವಾ ಕಲ್ಲಿದ್ದಲಿನ ಜತೆ ಬಾಯ್ಲರಿನಲ್ಲಿ ಉರಿಸಿದರೆ ಉಳಿಯುವ ಬೂದಿಯಲ್ಲಿ ಮತ್ತೆ ಪೊಟ್ಯಾಶ್. ಕಬ್ಬು ನಮ್ಮ ಎರೆಮಣ್ಣಿನಿಂದ ಹೀರಿಕೊಂಡಿದ್ದ ಪೊಟ್ಯಾಶ್ ಅದು. 100ಕ್ಕೆ 14.5 ಪಾಲು ಪೊಟ್ಯಾಶ್ ಇರುವ ಗೊಬ್ಬರವಾಗಿ ಅದನ್ನು ಮಾರಲು ಸರ್ಕಾರದ ಒಪ್ಪಿಗೆ ಇದೆ. ಅದು ಹೊಲಕ್ಕೆ ವಾಪಸು ಬರುವುದೇ ನ್ಯಾಯ ಅಂತ ನನ್ನ ಲೆಕ್ಕ.

ಈ ದುಡ್ಡಿನ ಲೆಕ್ಕಕ್ಕೆ ಸಿಗದ ಯಂತ್ರ ನಮ್ಮ ಹಳ್ಳಿಗಳಲ್ಲೇ ಇದೆ. ಶುದ್ಧ ಕುಡಿಯುವ ನೀರಿನ ಘಟಕ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎಷ್ಟೋ ಬೋರುಗಳಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಹಲ್ಲಿಗೆ ಕಲೆ, ಇನ್ನೂ ಏರಿದರೆ ಎಲುಬಿಗೆ ತೊಂದರೆ. ಘಟಕದೊಳಗಿನ ಪೊರೆಯ ಮೂಲ ನಮೂನೆ ಕಂಡುಹಿಡಿದವರು ಸಿಡ್ನಿ ಲೋಬ್ ಮತ್ತು ಭಾರತದಿಂದ ಹೋದ ಶ್ರೀನಿವಾಸ ಸೌರಿರಾಜನ್. ಲಾಸ್ ಏಂಜಲೀಸ್‌ನಲ್ಲಿ, 1950ರ ದಶಕದ ಕೊನೆಗೆ. ಉಪ್ಪುನೀರನ್ನು ಒತ್ತಡದಿಂದ ಪೊರೆಗೆ ನೂಕಿದರೆ ನೀರು ಮಾತ್ರ ದಾಟುತ್ತದೆ. ಉಪ್ಪು, ಫ್ಲೋರೈಡ್ ಬಹುಪಾಲು ಈಚೆ ಕಡೆಯೇ ಉಳಿಯುತ್ತದೆ. ಉಳಿದದ್ದನ್ನು ಸ್ವಲ್ಪ ನೀರಿನ ಜತೆ ಹೊರಗೆ ಬಿಡಲೇಬೇಕು. ಆ ನೀರಿನಲ್ಲಿ ಫ್ಲೋರೈಡ್ ಬೋರಿನಲ್ಲಿದ್ದದ್ದಕ್ಕಿಂತ ಜಾಸ್ತಿ. ಅದಕ್ಕೆ ಗಿರಾಕಿ ಯಾರೂ ಇಲ್ಲ.

ನಾಳೆ ಕೊಡ ತುಂಬಿಸಲು ಹೋದಾಗ ಘಟಕದ ಹಿಂದೆ ಒಮ್ಮೆ ಹೋಗಿ ನೋಡಿ. ಆ ನೀರಿನ ಪೈಪು ಎಲ್ಲಿಗೆ ಬಿಟ್ಟಿದ್ದಾರೆ? ಬೋರಿನ ಬುಡದಲ್ಲೇ ಇಂಗುತ್ತಿದ್ದರೆ ಪಂಚಾಯಿತಿಯವರಿಗೆ ಹೇಳಿ ಪೈಪು ದೂರಕ್ಕೆ ಹಾಕಿಸಿ. ದನಕ್ಕೆ ಕುಡಿಸಲು ಹಿಡಿಯಬೇಡಿ. ಸಾರ್ವಜನಿಕ ಶೌಚಾಲಯ ತೊಳೆಯಲು, ಗಾಡಿ ತೊಳೆಯಲು ಬಳಸಬಹುದು. ಪೊರೆ ಕಡೇ ಸಲ ಯಾವಾಗ ಬದಲಿಸಿದರು ಅಂತಲೂ ಅಲ್ಲಿರುವ ಹುಡುಗನನ್ನು ಕೇಳಿ.

ನಮಸ್ಕಾರ.