ಆವತಿ ಬೆಟ್ಟ, 9,400 ರೂಪಾಯಿ ಜಾಕೆಟ್ಟು, ಒಂದು ಜಿಪ್ಪು

ಹಾಂ, ಆನ್ ಆಗಿದೆ. ಬೆಳಗ್ಗೆ ಏಳಕ್ಕೆ ಇನ್ನೂ ಹತ್ತು ನಿಮಿಷ ಇದೆ, ಇದು ಆವತಿ ಬೆಟ್ಟದ ಬುಡ. ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರದ ಕಡೆ ಹೈವೇಯಲ್ಲಿ ಸ್ವಲ್ಪ ಬಂದರೆ ಸಿಗುತ್ತದೆ. ಕಾರಿಂದ ಸೈಕಲ್ ಇಳಿಸುವುದು, ಚಕ್ರ ಸಿಕ್ಕಿಸುವುದು, ಗಾಳಿ ನೋಡುವುದು ಎಲ್ಲ ಕಾಣ್ತಾ ಇದೆ, ಅದಕ್ಕೆ ಮಾತು ಬೇಡ.

ಕಳೆದ ಸಲ ಬೆಟ್ಟ ಇಳಿಯುವಾಗ ಸೈಕಲ್ಲಿಂದ ನಾನು ಬಿದ್ದ ವಿಡಿಯೊ ನೋಡಿದವರೆಲ್ಲ ಕೇಳಿದ್ದು ಒಂದೇ, ಮೈಮೇಲೆ ಏನಾದರೂ ಹಾಕಿಕೊಳ್ಳಬಾರದಾ ಮಾರಾಯ ಅಂತ. ಮೊಣಕಾಲಿಗೆ ಪ್ಯಾಡ್ ಇದೆ, ತಲೆಗೆ ಹೆಲ್ಮೆಟ್ ಇದೆ, ನಡುವೆ ಇರುವ ಈ ಮೈಗೆ ಮಾತ್ರ ಒಂದು ತೆಳು ಟೀಶರ್ಟ್. ಅದಕ್ಕೆ ಇವತ್ತು ಮೂರು ಸಾಮಾನು ತಂದಿದ್ದೇನೆ. ಇದು ಎಲ್ಬೋ ಗಾರ್ಡ್. ಇದು ಬ್ಯಾಗು, ಬೆನ್ನಿನ ಕಡೆ ಒಳಗೆ ಒಂದು ದಪ್ಪ ಪ್ಯಾಡ್ ಕೂತಿದೆ. ಇನ್ನೊಂದು, ಈ ಕಪ್ಪು ರಾಕ್ಷಸ, ಫುಲ್ ಜಾಕೆಟ್. ಭುಜ, ಮೊಣಕೈ, ಎದೆ, ಬೆನ್ನು, ಎಲ್ಲ ಒಂದರಲ್ಲೇ. 9,400 ರೂಪಾಯಿ. ಹೌದು, ಮನೆಯಲ್ಲಿ ಇನ್ನೂ ಹೇಳಿಲ್ಲ.

ಒಳಗಿನ ಪ್ಯಾಡ್ ನೋಡಿ. ಬೆರಳಲ್ಲಿ ಒತ್ತಿದರೆ ಮೆತ್ತಗೆ, ಹಿಟ್ಟಿನ ಹಾಗೆ ಬಾಗುತ್ತದೆ. ಗುದ್ದಿದರೆ ಗಟ್ಟಿ. ಗೋಬಿ ಮಂಚೂರಿಗೆ ಕಾರ್ನ್‌ಫ್ಲೋರ್ ಕಲಸಿದ್ದರೆ ನಿಮಗೆ ಗೊತ್ತಿರುತ್ತದೆ. ನಿಧಾನಕ್ಕೆ ಬೆರಳು ಬಿಟ್ಟರೆ ಮುಳುಗುತ್ತದೆ, ಪಟ್ ಅಂತ ಹೊಡೆದರೆ ಗೋಡೆಗೆ ಹೊಡೆದ ಹಾಗೆ. ಡಿ3ಓ ಅಂತ ಕಿತ್ತಳೆ ಬಣ್ಣದ ಪ್ಯಾಡ್ ಬರುತ್ತದಲ್ಲ, ಅದೂ ಇದೇ ಜಾತಿ. ನನ್ನದು ಅದಲ್ಲ, ಅದರ ದೂರದ ನೆಂಟ.

ಇಲ್ಲಿ ಲೇಬಲ್ ಜೂಮ್ ಮಾಡಿದ್ದೇನೆ, ಇದೊಂದನ್ನ ಮಾತ್ರ ನೋಡಿಕೊಳ್ಳಿ. ಇಎನ್ 1621. ಪಕ್ಕದಲ್ಲಿ 1 ಇದ್ದರೆ ಮೊಣಕೈ, ಭುಜದಂಥ ಜಾಗಕ್ಕೆ, 2 ಇದ್ದರೆ ಬೆನ್ನಿಗೆ, 3 ಇದ್ದರೆ ಎದೆಗೆ. ಅಸಲಿಗೆ ಇದು ಮೋಟಾರ್ ಬೈಕ್ ಓಡಿಸುವವರಿಗೆ ಅಂತ ಯುರೋಪಿನವರು ಮಾಡಿಕೊಂಡ ಲೆಕ್ಕ, ಸೈಕಲ್ಲಿನವರು ನಾವು ಅದನ್ನೇ ಕಡ ತಂದುಕೊಂಡಿದ್ದೇವೆ. 5 ಕಿಲೋ ತೂಕವನ್ನ ಸುಮಾರು 1 ಮೀಟರ್ ಮೇಲಿಂದ ಪ್ಯಾಡಿನ ಮೇಲೆ ಬಿಡುತ್ತಾರೆ, ಕೆಳಗೆ ಎಷ್ಟು ಪೆಟ್ಟು ದಾಟಿತು ಅಂತ ಅಳೆಯುತ್ತಾರೆ. ಆ ಪೆಟ್ಟಿನ ಬಲದ ಅಳತೆ ಕಿಲೋನ್ಯೂಟನ್. ಬೆನ್ನಿನ ಪ್ಯಾಡಿಗೆ ಸರಾಸರಿ 18 ಕಿಲೋನ್ಯೂಟನ್ ಒಳಗಿದ್ದರೆ ಲೆವೆಲ್ 1. 9ರ ಒಳಗಿದ್ದರೆ ಲೆವೆಲ್ 2. ಅಂದರೆ ಅರ್ಧಕ್ಕರ್ಧ ವ್ಯತ್ಯಾಸ. ಲೇಬಲ್ಲೇ ಇಲ್ಲದೆ 'ಪ್ರೊ ಆರ್ಮರ್' ಅಂತ ದಪ್ಪ ಅಕ್ಷರದಲ್ಲಿ ಬರೆದುಕೊಂಡು 1,200ಕ್ಕೆ ಬರುವುದು ಬರೀ ಸ್ಪಂಜು. ಅದಕ್ಕೆ ಮನೆಯ ದಿಂಬು ಕಟ್ಟಿಕೊಂಡು ಹೋಗಬಹುದು.

ಸರಿ, ಹತ್ತೋಣ.

ಎಂಟು ನಿಮಿಷ ಆಗಿದೆ. ನನ್ನ ಮುಖ ನೋಡಿ. ಜಾಕೆಟ್ ಒಳಗೆ ಇಡ್ಲಿ ಬೇಯಿಸಬಹುದು. ಮನೆಯಲ್ಲಿ ಕನ್ನಡಿ ಮುಂದೆ ಹಾಕಿಕೊಂಡಾಗ ಇದಕ್ಕಿಂತ ಒಳ್ಳೆ ಸಾಮಾನಿಲ್ಲ ಅನಿಸಿತ್ತು, ಈಗ ಶುದ್ಧ ಮೂರ್ಖತನ ಅನಿಸ್ತಿದೆ. ಹೊರದೇಶದಲ್ಲಿ ಲಿಫ್ಟಿನಲ್ಲಿ ಕೂತು ಬೆಟ್ಟ ಹತ್ತಿ ಬರೀ ಇಳಿಯುವವರಿಗೆ ಇದು ಸರಿ. ನಾವು ಇಳಿಯುವ ಪ್ರತಿ ಮೀಟರನ್ನೂ ಮೊದಲು ತುಳಿದು ಹತ್ತಬೇಕಲ್ವಾ. ಅಂದ ಹಾಗೆ ಈ ಆವತಿ ಸುಮ್ನೆ ಊರಲ್ಲ, ಬೆಂಗಳೂರು ಕಟ್ಟಿದ ಕೆಂಪೇಗೌಡರ ಪೂರ್ವಿಕರು ಬಂದು ನೆಲೆ ನಿಂತ ಜಾಗ, ಆವತಿ ನಾಡಪ್ರಭುಗಳು ಅಂತಾರೆ. ಅವರೂ ಕವಚ ಹಾಕಿಕೊಂಡು ಈ ಬಂಡೆ ಹತ್ತಿದ್ದರೆ ನನ್ನ ಸಾಷ್ಟಾಂಗ ನಮಸ್ಕಾರ. ಅಯ್ಯೋ, ತಿರುವು ತಿರುವು, ಬಂತು.

ಇಲ್ಲಿಂದ ಇಳಿಜಾರು. ಜಲ್ಲಿಯಂಥ ಸಡಿಲ ಕಲ್ಲು, ಅದರ ಮೇಲೆ ಒಣ ಮಣ್ಣು. ಬ್ರೇಕ್ ಹಿಡಿದರೂ ಜಾರುತ್ತದೆ, ಬಿಟ್ಟರೂ ಜಾರುತ್ತದೆ. ಮತ್ತೆ... ಇದೋ. ನಿಧಾನಕ್ಕೆ ಇನ್ನೊಂದು ಸಲ ಹಾಕಿದ್ದೇನೆ. ಮುಂದಿನ ಚಕ್ರ ಮಡಚಿತು, ಬಲ ಭುಜ ಸೀದಾ ಬಂಡೆಗೆ. ಸದ್ದು ಕೇಳಿಸ್ತಾ? ಏನೂ ಆಗಲಿಲ್ಲ. ತರಚಲೂ ಇಲ್ಲ. ಸರಿಯಪ್ಪ, ಮೂರ್ಖತನ ಅಂದಿದ್ದನ್ನ ವಾಪಸ್ ತಗೊಂಡೆ.

ಆದರೆ ಒಂದು ಮಾತು. ಭುಜಕ್ಕೆ ಪ್ಯಾಡ್ ಇದೆ ಅಂದರೆ ಕಾಲರ್ ಬೋನ್, ಅಂದರೆ ಕತ್ತಿನ ಕೆಳಗಿನ ಅಡ್ಡ ಮೂಳೆ, ಉಳಿಯುತ್ತದೆ ಅಂತ ಅಲ್ಲ. ಕೈ ಚಾಚಿ ಬಿದ್ದರೆ ಆ ಹೊಡೆತ ಅಂಗೈಯಿಂದ ತೋಳಿಗೆ, ತೋಳಿಂದ ಭುಜಕ್ಕೆ ಬಂದು ಆ ಮೂಳೆಯನ್ನ ನಡುಭಾಗದಲ್ಲಿ ಮುರಿಯಬಹುದು. ಭುಜದ ಮೇಲೇ ಜೋರಾಗಿ ಬಿದ್ದರೂ ಅದೇ ಕಥೆ. ಅದನ್ನ ತಡೆಯೋ ಜಾಕೆಟ್ ನಾನಂತೂ ನೋಡಿಲ್ಲ. ನನ್ನ ಗೆಳೆಯನೊಬ್ಬ ಎಲ್ಲಾ ಹಾಕಿಕೊಂಡೇ ಬಿದ್ದು ಆ ಮೂಳೆಗೆ ಪ್ಲೇಟ್ ಹಾಕಿಸಿಕೊಂಡ. ಪ್ಯಾಡ್ ಉಳಿಸುವುದು ಚರ್ಮ, ಮೂಗೇಟು, ಚೂಪು ಕಲ್ಲಿನ ನೇರ ಪೆಟ್ಟು. ಅಷ್ಟಾದರೂ ಸಾಕು ಅನ್ನಿ, ಮೊಣಕೈ ಸಿಪ್ಪೆ ಎದ್ದಾಗ ತಲೆಗೆ ಸ್ನಾನ ಮಾಡಿ ನೋಡಿ, ಆಗ ಬೆಲೆ ಗೊತ್ತಾಗುತ್ತದೆ.

ಈಗ ಇವತ್ತಿನ ಮುಖ್ಯ ಘಟನೆ. ಕೆಳಗೆ ಬಂದೆ, ಬೆವರಿಗೆ ಜಾಕೆಟ್ ಮೈಗೆ ಅಂಟಿಕೊಂಡಿದೆ, ತೆಗೆಯೋಣ ಅಂತ ಜಿಪ್ ಎಳೆದೆ. ಎರಡು ಇಂಚು ಬಂತು, ನಿಂತಿತು. ಮೇಲೂ ಹೋಗುವುದಿಲ್ಲ, ಕೆಳಗೂ ಬರುವುದಿಲ್ಲ. ಒಳಗಿನ ಬಲೆ ಬಟ್ಟೆ ಹಲ್ಲಿಗೆ ಸಿಕ್ಕಿದೆ, ಮೇಲಿಂದ ಕೆಂಪು ಧೂಳು ಬೇರೆ. 9,400 ರೂಪಾಯಿ ತಗೊಂಡವರು ಇಪ್ಪತ್ತು ರೂಪಾಯಿಯ ಒಳ್ಳೆ ಜಿಪ್ ಹಾಕಬಾರದಾ? ಅಂಗಿಯ ಹಾಗೆ ತಲೆ ಮೇಲಿಂದ ತೆಗೆಯೋಣ ಅಂತ ಹೋದೆ. ಅದು ತಪ್ಪು. ಬೆನ್ನಿನ ಪ್ಯಾಡ್ ದಪ್ಪ, ಅಷ್ಟು ಸುಲಭಕ್ಕೆ ಮಡಚುವುದಿಲ್ಲ, ಮೊಣಕೈ ಪ್ಯಾಡ್ ತೋಳಲ್ಲಿ ಕಚ್ಚಿಕೊಂಡಿದೆ, ಎರಡೂ ಕೈ ಮೇಲೆ, ಮುಖದ ಮೇಲೆ ಎದೆಯ ಪ್ಯಾಡ್. ಉಸಿರು ಬಿಟ್ಟರೆ ನನ್ನ ಬೆವರಿನ ವಾಸನೆ ನನಗೇ ವಾಪಸ್. ಕ್ಯಾಮೆರಾ ಸೈಕಲ್ ಹ್ಯಾಂಡಲ್ ಮೇಲಿತ್ತು, ಹಾಗಾಗಿ ಪೂರ್ತಿ ನಾಲ್ಕು ನಿಮಿಷ ರೆಕಾರ್ಡ್ ಆಗಿದೆ. ಸ್ವಲ್ಪ ಫಾಸ್ಟ್ ಮಾಡಿದ್ದೇನೆ, ಮರ್ಯಾದೆಗೆ.

ಆಗ ಮೇಕೆ ಸದ್ದು. ಹಿಂದೆಯೇ ಒಬ್ಬರು ತಾತ.

"ಏನಪ್ಪಾ, ಹಾವು ಪೊರೆ ಬಿಟ್ಟಂಗೆ ಬಿಡ್ತಿದ್ದೀಯ?"

"ತಾತ, ಜಿಪ್ಪು ಸಿಕ್ಕಾಕ್ಕೊಂಡೈತೆ, ಸ್ವಲ್ಪ ನೋಡಿ."

ಮೊದಲು ಅದನ್ನ ಕೆಳಗೆ ಎಳೆದು ನನ್ನ ಮುಖ ಹೊರಗೆ ತಂದರು. ಆಮೇಲೆ ತಮ್ಮ ತಲೆಗೆ ಬಳಿದಿದ್ದ ಎಣ್ಣೆಯನ್ನೇ ಎರಡು ಬೆರಳಲ್ಲಿ ಒರೆಸಿ ಜಿಪ್ಪಿಗೆ ಸವರಿದರು. ಉಗುರಲ್ಲಿ ಬಟ್ಟೆಯ ಎಳೆ ಬಿಡಿಸಿದರು. ಸರ್ ಅಂತ ಬಂತು! ನನ್ನ ಬ್ಯಾಗಿನಲ್ಲಿ ಚೈನಿಗೆ ಹಾಕುವ 450 ರೂಪಾಯಿಯ ಎಣ್ಣೆ ಬಾಟಲಿ ಇತ್ತು, ಅದು ನೆನಪಾಗಿದ್ದು ಈಗ ಎಡಿಟ್ ಮಾಡುವಾಗ. ಆಗಾಗ ಮೇಣದಬತ್ತಿ ಉಜ್ಜು ಅಂತ ಹೇಳಿ ಹೋದರು. ಎಷ್ಟು ಕೊಟ್ಟೆ ಅಂತಲೂ ಕೇಳಿದರು. ನಾನು ಎರಡು ಸಾವಿರ ಅಂದೆ. ಅದಕ್ಕೇ ತಲೆ ಚಚ್ಚಿಕೊಂಡರು.

ಎರಡನೇ ಸುತ್ತು ಎಲ್ಬೋ ಗಾರ್ಡ್ ಮತ್ತು ಬ್ಯಾಗ್ ಮಾತ್ರ. ಎಷ್ಟು ಹಗುರ! ಇವೋಕ್ ಅನ್ನೋ ಜರ್ಮನ್ ಕಂಪನಿಯೂ ಹೀಗೆ ಬೆನ್ನಿನ ಪ್ಯಾಡ್ ಇರುವ ಬ್ಯಾಗ್ ಮಾಡುತ್ತದೆ, ದುಡ್ಡಿದ್ದವರು ನೋಡಿ. ಅಂಗಡಿಯಲ್ಲಿ ನೆಟ್ಟಗೆ ನಿಂತು ಹಾಕಿ ನೋಡಬೇಡಿ. ಹ್ಯಾಂಡಲ್ ಹಿಡಿದ ಹಾಗೆ ಕೈ ಮುಂದೆ ಚಾಚಿ, ಬಗ್ಗಿ, ತಲೆ ಎತ್ತಿ ನೋಡಿ. ಹೆಲ್ಮೆಟ್ಟಿನ ಹಿಂಭಾಗಕ್ಕೆ ಪ್ಯಾಡ್ ತಾಗಿದರೆ ಅದು ನಿಮ್ಮ ಸೈಜ್ ಅಲ್ಲ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ. ಎಲ್ಬೋ ಗಾರ್ಡಿನ ಮೇಲಂಚಿನ ಒಳಗೆ ಈ ರಬ್ಬರ್ ಪಟ್ಟಿ ಇರಲೇಬೇಕು. ನನ್ನ ಹಳೆಯದರಲ್ಲಿ ಇರಲಿಲ್ಲ, ಅರ್ಧ ದಾರಿಗೆ ಮುಂಗೈಗೆ ಇಳಿದು ಬಳೆ ಆಗಿರುತ್ತಿತ್ತು. ಕತ್ತಿಗೆ ಹಾಕುವ ನೆಕ್ ಬ್ರೇಸ್ ಬೇಕಾ ಅಂತಲೂ ಕೇಳಿದ್ದೀರಿ. ನನ್ನ ಸ್ಪೀಡಿಗೆ ಬೇಡ. ದೊಡ್ಡ ಜಂಪ್ ಹೊಡೆಯುವವರನ್ನ ಕೇಳಿ.

ಹಾಗಾದರೆ ಜಾಕೆಟ್ ಮಾರುತ್ತೀಯಾ? ಬೆಟ್ಟದ ಮೇಲೆ ಕೇಳಿದ್ದರೆ ಹೌದು. ಬಿದ್ದ ಮೇಲೆ ಕೇಳಿದ್ದರೆ ಇಲ್ಲ. ಜಿಪ್ ಸಿಕ್ಕಾಗ ಕೇಳಿದ್ದರೆ ತಾತನಿಗೇ ಪುಕ್ಕಟೆ ಕೊಡುತ್ತಿದ್ದೆ. ಈಗ ಇರಲಿ ಅನಿಸ್ತಿದೆ, ಹೊಸ ಇಳಿಜಾರು ಕಲಿಯುವ ದಿನ ಬೇಕಾಗುತ್ತದೆ. ದಿನಾ ಅಂತೂ ಇಲ್ಲ.

ಇದು ವಾಪಸ್ ಬರುವಾಗ ಹೈವೇ ಪಕ್ಕ. ದೇವನಹಳ್ಳಿ ಚಕ್ಕೋತ, ಜಿಐ ಟ್ಯಾಗ್, ಅಂದರೆ ಈ ಊರಿನದೇ ಅನ್ನೋ ಸರ್ಕಾರಿ ಗುರುತು ಇರುವ ಹಣ್ಣು. ಅಕ್ಕ ಸುಲಿದು ಕೊಟ್ಟಿದ್ದನ್ನ ನೋಡಿ, ಸಿಪ್ಪೆ ಒಳಗಿನ ಬಿಳಿ ಭಾಗ ಬೆರಳು ದಪ್ಪ ಇದೆ, ಒತ್ತಿದರೆ ಸ್ಪಂಜು. ಅಷ್ಟು ಎತ್ತರದ ಮರದಿಂದ ಇಷ್ಟು ಭಾರದ ಹಣ್ಣು ಬಿದ್ದರೂ ಒಡೆಯುವುದಿಲ್ಲ. ಪೆಟ್ಟು ತಡೆಯುವ ವಸ್ತು ಹೇಗೆ ಮಾಡಬೇಕು ಅಂತ ಜರ್ಮನಿಯಲ್ಲಿ ಈ ಸಿಪ್ಪೆಯನ್ನೇ ಇಟ್ಟುಕೊಂಡು ಸಂಶೋಧನೆ ಮಾಡಿದ್ದಾರೆ, ನಿಜವಾಗಿ. ನಮ್ಮ ಮನೆಯಲ್ಲಿ ಅದನ್ನ ಸೀದಾ ಕಸಕ್ಕೆ ಹಾಕುತ್ತೇವೆ.

"ಅಕ್ಕಾ, ನಾಲ್ಕು ಕೊಡಿ."

"ಚೀಲ ಐತಾ?"

ಬ್ಯಾಗ್ ತುಂಬಿದೆ, ಜಾಗ ಇಲ್ಲ. ಕಾರಿಂದ ಜಾಕೆಟ್ ತಂದೆ, ಜಿಪ್ ಹಾಕಿದೆ, ಕೆಳಗೆ ಗಂಟು ಹಾಕಿದೆ, ಕತ್ತಿನಿಂದ ನಾಲ್ಕೂ ಇಳಿಸಿದೆ. ನೋಡಿ, ಎಷ್ಟು ಚೆನ್ನಾಗಿ ಕೂತಿವೆ. ಬ್ಯಾಟರಿ ಕೆಂಪಾಯ್ತು, ಸಿಗೋಣ, ಈ ಜಿಪ್ ಮತ್ತೆ ಸಿಕ್ಕಿ...