ತಂಡದ ನಟಿ ಪೆಗ್ಗಿ ಆಶ್‌ಕ್ರಾಫ್ಟ್

ಸಹೃದಯರೇ,

ಡೇವಿಡ್ ಲೀನ್ ನಿರ್ದೇಶಿಸಿದ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದ ಬಹುಪಾಲು ದೃಶ್ಯಗಳು ಬೆಂಗಳೂರು ಮತ್ತು ಅದರ ಆಸುಪಾಸಿನಲ್ಲಿ ಚಿತ್ರೀಕರಣಗೊಂಡವು. ಕಥೆಯಲ್ಲಿ ಬರುವ ಮರಬಾರ್ ಗುಹೆಗಳಿಗೆ ರಾಮನಗರ, ಸಾವನದುರ್ಗಗಳ ಬಂಡೆಗಳೇ ಆಸರೆಯಾದವು. ಅದರಲ್ಲಿ ಮಿಸೆಸ್ ಮೂರ್ ಪಾತ್ರ ವಹಿಸಿದ ಪೆಗ್ಗಿ ಆಶ್‌ಕ್ರಾಫ್ಟ್ ಅವರ ಮುಖ ಆ ಕಾರಣಕ್ಕಾದರೂ ನಮ್ಮಲ್ಲಿ ಕೆಲವರಿಗೆ ಪರಿಚಿತ. 1985ರಲ್ಲಿ ಆ ಪಾತ್ರಕ್ಕೆ ಆಸ್ಕರ್ ದೊರೆತಾಗ ಅವರಿಗೆ 77 ವರ್ಷ. ಆದರೆ ಆ ಪ್ರಶಸ್ತಿ ಬರುವ ಹೊತ್ತಿಗೆ ಅವರು ಅರ್ಧ ಶತಮಾನಕ್ಕೂ ಮಿಕ್ಕಿ ರಂಗಭೂಮಿಯಲ್ಲಿ ದುಡಿದಿದ್ದರು. ಅವರು ಮೊದಲಿನಿಂದಲೂ ತಂಡದ ನಟಿಯಾಗಿದ್ದರು, ಇಳಿವಯಸ್ಸಿನಲ್ಲಿ ಟೆಲಿವಿಷನ್ನಿನಲ್ಲಿ ಅವರು ಮಾಡಿದ ದೊಡ್ಡ ಕೆಲಸವೆಲ್ಲ ಆ ತಂಡದ ಬಾಳಿನಿಂದಲೇ ಒದಗಿದ್ದು ಎಂಬುದನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇನೆ.

1907ರಲ್ಲಿ ಕ್ರಾಯ್ಡನ್‌ನಲ್ಲಿ ಹುಟ್ಟಿದ ಅವರು ಲಂಡನ್ನಿನ ಸೆಂಟ್ರಲ್ ಸ್ಕೂಲಿನಲ್ಲಿ ಎಲ್ಸಿ ಫೋಗರ್ಟಿಯವರ ಬಳಿ ಅಭಿನಯ ಕಲಿತರು. ಮುಂದೆ ಹೆಸರಾಂತ ನಟರಾದ ಲಾರೆನ್ಸ್ ಒಲಿವಿಯರ್ ಅಲ್ಲಿ ಅವರ ಸಹಪಾಠಿ. 1926ರಲ್ಲಿ ಬರ್ಮಿಂಗ್‌ಹ್ಯಾಮ್ ರೆಪರ್ಟರಿ ಎಂಬ ನಾಟಕ ತಂಡದಲ್ಲಿ ವೃತ್ತಿ ಆರಂಭವಾಯಿತು. 1930ರಲ್ಲಿ ಸವಾಯ್ ಥಿಯೇಟರಿನಲ್ಲಿ ಅಮೆರಿಕದ ಕಪ್ಪು ನಟ ಪಾಲ್ ರೋಬ್ಸನ್ ಅವರ ಒಥೆಲೊಗೆ ಅವರು ಮಡದಿ ಡೆಸ್ಡಿಮೋನಾ ಆದರು. ಕಪ್ಪು ನಟನೊಬ್ಬ ಬಿಳಿಯ ನಟಿಯನ್ನು ರಂಗದ ಮೇಲೆ ಮುತ್ತಿಡುವುದನ್ನು ಸಹಿಸದವರು ಆಗಿನ ಲಂಡನ್ನಿನಲ್ಲಿ ಕಡಿಮೆಯೇನಿರಲಿಲ್ಲ. ದ್ವೇಷ ಕಾರುವ ಪತ್ರಗಳು ಆ ಎಳೆಯ ನಟಿಯ ಕೈಸೇರಿದವು. ರಂಗದ ಮೇಲಿನ ಮಾತಿಗೂ ಹೊರಗಿನ ಲೋಕಕ್ಕೂ ಇರುವ ನಂಟನ್ನು ಅವರು ಮುಂದೆಂದೂ ಮರೆಯಲಿಲ್ಲ.

1935ರ ‘ರೋಮಿಯೊ ಅಂಡ್ ಜೂಲಿಯೆಟ್’ ಪ್ರಯೋಗವನ್ನು ರಂಗಾಸಕ್ತರು ಇಂದಿಗೂ ನೆನೆಯುತ್ತಾರೆ. ನಟರಾದ ಜಾನ್ ಗೀಲ್‌ಗುಡ್ ಮತ್ತು ಒಲಿವಿಯರ್ ರೋಮಿಯೊ ಮತ್ತು ಅವನ ಗೆಳೆಯ ಮರ್ಕ್ಯೂಶಿಯೊ ಪಾತ್ರಗಳನ್ನು ಅದಲುಬದಲು ಮಾಡಿಕೊಂಡರು. ಯಾರ ರೋಮಿಯೊ ಮೇಲು ಎಂದು ವಿಮರ್ಶಕರು ವಾದಿಸುತ್ತಲೇ ಬಂದಿದ್ದಾರೆ. ನನಗೆ ಮುಖ್ಯವೆನಿಸುವುದು ಜೂಲಿಯೆಟ್ ಆಗಿದ್ದ ಆಶ್‌ಕ್ರಾಫ್ಟ್ ಅವರ ಸ್ಥಿತಿ. ಒಬ್ಬರದು ಕಾವ್ಯದ ಲಯಕ್ಕೆ ಒಲಿದ ಕಂಠ, ಇನ್ನೊಬ್ಬರದು ದೇಹವನ್ನೇ ಮಾತಾಗಿಸುವ ಆವೇಗ. ಹೀಗೆ ತೀರ ಬೇರೆಯಾದ ಇಬ್ಬರಿಗೆ ಅದೇ ಸಾಲುಗಳಲ್ಲಿ ಉತ್ತರ ಕೊಡಬೇಕಾದ ನಟಿ, ತನ್ನ ಮಾತನ್ನು ಒಪ್ಪಿಸುವುದಕ್ಕಿಂತ ಎದುರಿನವರ ಮಾತನ್ನು ಆಲಿಸುವುದನ್ನೇ ಮೊದಲು ಕಲಿಯಬೇಕಾಗುತ್ತದೆ.

ಯುದ್ಧಾನಂತರದ ವರ್ಷಗಳಲ್ಲಿ ‘ದ ಡೀಪ್ ಬ್ಲೂ ಸೀ’, ‘ಹೆಡ್ಡಾ ಗ್ಯಾಬ್ಲರ್’ ನಾಟಕಗಳು ಅವರಿಗೆ ದೊಡ್ಡ ಹೆಸರು ತಂದವು. 1956ರಲ್ಲಿ ‘ಡೇಮ್’ ಗೌರವವೂ ಬಂತು. ಅಂಥ ಕೀರ್ತಿಯಲ್ಲಿದ್ದವರು ಪೀಟರ್ ಹಾಲ್ ಎಂಬ ಮೂವತ್ತು ತುಂಬದ ನಿರ್ದೇಶಕ, ಶೇಕ್ಸ್‌ಪಿಯರನ ಹುಟ್ಟೂರಾದ ಸ್ಟ್ರ್ಯಾಟ್‌ಫರ್ಡಿನಲ್ಲಿ ಕಾಯಂ ತಂಡವೊಂದನ್ನು ಕಟ್ಟುತ್ತೇನೆಂದಾಗ ಮೊದಲಿಗರ ಸಾಲಿನಲ್ಲಿ ಬಂದು ಸೇರಿದರು. ರಾಯಲ್ ಶೇಕ್ಸ್‌ಪಿಯರ್ ಕಂಪನಿ ರೂಪುಗೊಂಡದ್ದು ಹೀಗೆ. ಹೊಸ ತಂಡವೊಂದನ್ನು ನಂಬಿ ತಮ್ಮ ಹೆಸರನ್ನೇ ಅದಕ್ಕೆ ಧಾರೆಯೆರೆದ ಈ ನಿರ್ಧಾರವನ್ನು ಅವರ ಯಾವುದೇ ಪ್ರಶಸ್ತಿಗಿಂತ ಮೇಲಿನದೆಂದು ನಾನು ಎಣಿಸುತ್ತೇನೆ.

ಅದರ ಫಲ 1963ರ ‘ದ ವಾರ್ಸ್ ಆಫ್ ದ ರೋಸಸ್’. ಇಂಗ್ಲೆಂಡಿನ ಸಿಂಹಾಸನಕ್ಕಾಗಿ ನಡೆದ ಅಂತರ್ಯುದ್ಧವನ್ನು ಹೇಳುವ ಶೇಕ್ಸ್‌ಪಿಯರನ ‘ಆರನೆಯ ಹೆನ್ರಿ’ಯ ಮೂರು ಭಾಗಗಳನ್ನೂ ‘ಮೂರನೆಯ ರಿಚರ್ಡ್’ ನಾಟಕವನ್ನೂ ಜಾನ್ ಬಾರ್ಟನ್ ಮೂರು ನಾಟಕಗಳಾಗಿ ಹೆಣೆದರು. ಫ್ರಾನ್ಸಿನಲ್ಲಿ ಸೆರೆಸಿಕ್ಕುವ ಎಳೆಯ ರಾಜಕುವರಿ ಮಾರ್ಗರೆಟ್, ರಾಣಿಯಾಗಿ, ಸೇನೆಯ ನಾಯಕಿಯಾಗಿ, ಕೊನೆಗೆ ಎಲ್ಲವನ್ನೂ ಕಳೆದುಕೊಂಡು ಶಪಿಸುತ್ತ ಅಲೆಯುವ ಮುದುಕಿಯಾಗುವವರೆಗಿನ ಇಡೀ ಬಾಳನ್ನು ಐವತ್ತೈದರ ಹರೆಯದ ಆಶ್‌ಕ್ರಾಫ್ಟ್ ಒಬ್ಬರೇ ನಿರ್ವಹಿಸಿದರು. ಪರದೇಶದ ಹೆಣ್ಣೆಂಬುದು ಉಚ್ಚಾರದಲ್ಲೇ ಉಳಿಯಲೆಂದು ರಕಾರವನ್ನು ಉದ್ದಕ್ಕೂ ತುಸು ಬೇರೆಯಾಗಿ ನುಡಿದರು. ಸೆರೆಸಿಕ್ಕ ಎದುರಾಳಿ ಯಾರ್ಕ್ ದೊರೆಗೆ ಕಾಗದದ ಕಿರೀಟ ತೊಡಿಸಿ, ಅವನ ಮಗನ ರಕ್ತದಲ್ಲಿ ಅದ್ದಿದ ವಸ್ತ್ರವನ್ನು ಅವನ ಮುಂದೆ ಹಿಡಿಯುವ ದೃಶ್ಯವಂತೂ ನೋಡುಗರ ಎದೆ ನಡುಗಿಸುವಂಥದು. ಬಿಬಿಸಿ ಇದನ್ನು ಚಿತ್ರೀಕರಿಸಿ 1965ರಲ್ಲಿ ಪ್ರಸಾರ ಮಾಡಿದ್ದರಿಂದ, ರಂಗಮಂದಿರಕ್ಕೆ ಹೋಗದವರೂ ಆ ಅಭಿನಯವನ್ನು ಮನೆಯಲ್ಲೇ ಕಂಡರು.

ನ್ಯಾಷನಲ್ ಥಿಯೇಟರಿನಲ್ಲಿ ಸೊಂಟದವರೆಗೆ, ಆಮೇಲೆ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ಮಾತಾಡುತ್ತಲೇ ಇರುವ ಬೆಕೆಟ್‌ನ ‘ಹ್ಯಾಪಿ ಡೇಸ್’ ನಾಟಕದ ವಿನ್ನಿಯಾದಾಗ ಅವರಿಗೆ ಅರವತ್ತೇಳು ದಾಟಿತ್ತು. ಅದಾದ ಮೇಲೆ ಟೆಲಿವಿಷನ್ ಅವರನ್ನು ಒಂದೇ ಸಮನೆ ಕರೆಯಿತು. 1980ರ ‘ಕಾಟ್ ಆನ್ ಎ ಟ್ರೇನ್’ನಲ್ಲಿ ರೈಲಿನ ಸಹಪ್ರಯಾಣಿಕನನ್ನು ಕಾಡುವ ವಿಯೆನ್ನಾದ ಹಟಮಾರಿ ವೃದ್ಧೆಯಾದರು. 1984ರಲ್ಲಿ ಗ್ರಾನಡಾ ಸಂಸ್ಥೆಯ ಹದಿನಾಲ್ಕು ಕಂತುಗಳ ‘ದ ಜ್ಯೂಯೆಲ್ ಇನ್ ದ ಕ್ರೌನ್’ ಬಂತು. ಭಾರತದಲ್ಲಿ ಬ್ರಿಟಿಷ್ ಆಳ್ವಿಕೆ ಮುಗಿಯುತ್ತಿದ್ದ ವರ್ಷಗಳ ಆ ಕಥೆಯಲ್ಲಿ ಅವರದು ನಿವೃತ್ತ ಮಿಷನರಿ ಶಿಕ್ಷಕಿ ಬಾರ್ಬಿ ಬ್ಯಾಚಲರ್. ಬಾರ್ಬಿ ಬಿಡುವಿಲ್ಲದೆ ಮಾತಾಡುತ್ತಾಳೆ, ಯಾರೂ ಕೇಳಿಸಿಕೊಳ್ಳುವುದಿಲ್ಲ; ಆಸರೆ ಕೊಟ್ಟಿದ್ದ ಗೆಳತಿ ಸತ್ತಮೇಲೆ ಆ ಮನೆಯಿಂದ ಹೊರಬೀಳುತ್ತಾಳೆ; ಕೊನೆಗೆ ಮಾತೇ ನಿಂತುಹೋಗುತ್ತದೆ. ಇಂಥವಳನ್ನು ಅನುಕಂಪಕ್ಕೆ ಮಾತ್ರ ಪಾತ್ರಳನ್ನಾಗಿ ಮಾಡುವುದು ಸುಲಭವಿತ್ತು. ಆಶ್‌ಕ್ರಾಫ್ಟ್ ಆಕೆಯ ನಂಬಿಕೆಯ ಘನತೆಯನ್ನೂ, ತನ್ನ ಸೇವೆಯೆಲ್ಲ ವ್ಯರ್ಥವಾಯಿತೇನೋ ಎಂಬ ಒಳಗಿನ ದಿಗಿಲನ್ನೂ ಒಂದೇ ನೋಟದಲ್ಲಿ ಕಾಣಿಸಿದರು. ಆ ವರ್ಷದ ಅಭಿನಯಕ್ಕೆ ಬ್ರಿಟನ್ನಿನ ಚಲನಚಿತ್ರ ಮತ್ತು ಟೆಲಿವಿಷನ್ ಅಕಾಡೆಮಿಯ ಬಾಫ್ಟಾ ಪ್ರಶಸ್ತಿ ಸಂದಿತು.

1991ರಲ್ಲಿ ತೀರಿಕೊಳ್ಳುವುದಕ್ಕೆ ಎರಡು ವರ್ಷ ಮೊದಲು ಅವರು ನಟಿಸಿದ ‘ಶೀಸ್ ಬೀನ್ ಅವೇ’ಯನ್ನು ಬಿಬಿಸಿಗಾಗಿ ನಿರ್ದೇಶಿಸಿದವರು ಅದೇ ಪೀಟರ್ ಹಾಲ್. ಅರವತ್ತು ವರ್ಷ ಮಾನಸಿಕ ಆಸ್ಪತ್ರೆಯಲ್ಲಿ ಕೂಡಿಹಾಕಲ್ಪಟ್ಟು, ಈಗ ಬಂಧುಗಳ ಮನೆಗೆ ಬಂದಿರುವ ಲಿಲಿಯನ್‌ಗೆ ಮಾತು ಬಹಳ ಕಡಿಮೆ. ಎದುರಿನವರನ್ನು ನೋಡುವುದು, ಕೇಳುವುದು, ಇಷ್ಟರಲ್ಲೇ ಆ ಪಾತ್ರವನ್ನು ಕಟ್ಟಬೇಕಿತ್ತು. ಎದುರಿಗಿದ್ದವರು ಜೆರಾಲ್ಡೀನ್ ಜೇಮ್ಸ್. ‘ದ ಜ್ಯೂಯೆಲ್ ಇನ್ ದ ಕ್ರೌನ್’ನಲ್ಲೂ ಜೊತೆಗಿದ್ದ ನಟಿ. ಆ ವರ್ಷ ವೆನಿಸ್ ಚಿತ್ರೋತ್ಸವ ತನ್ನ ಅತ್ಯುತ್ತಮ ನಟಿ ಪ್ರಶಸ್ತಿಯನ್ನು ಅವರಿಬ್ಬರಿಗೂ ಸೇರಿಸಿಯೇ ಕೊಟ್ಟಿತು.