ಏಳರ ಪರೀಕ್ಷೆ ಗೆದ್ದ ಸಂಖ್ಯೆ

ಕೇಳುಗರಿಗೆ ನಮಸ್ಕಾರ. ಮಳೆಗಾಲ ಬಂತೆಂದರೆ ಶಿವಮೊಗ್ಗದ ಕಡೆ ಎಲ್ಲರ ಬಾಯಲ್ಲೂ ಒಂದು ಸಂಖ್ಯೆ ಓಡಾಡುತ್ತದೆ. 1819. ಲಿಂಗನಮಕ್ಕಿ ಜಲಾಶಯ ಪೂರ್ತಿ ತುಂಬಿದಾಗಿನ ಮಟ್ಟ, ಅಡಿಗಳಲ್ಲಿ. ಇದನ್ನು ಎಡಗಡೆಯಿಂದ ಒಂದೊಂದೇ ಅಂಕಿ ಸೇರಿಸುತ್ತಾ, ಎಷ್ಟು ಅಂಕಿ ಸೇರಿತೋ ಅಷ್ಟರಿಂದ ಭಾಗಿಸೋಣ. ಮೊದಲ ಅಂಕಿ 1. ಒಂದರಿಂದ ಭಾಗವಾಗುತ್ತದೆ, ಅದೇನು ಮಹಾ! ಎರಡು ಅಂಕಿ ಸೇರಿ 18. ಎರಡರಿಂದ ಹೋಗುತ್ತದೆ. ಮೂರು ಸೇರಿ 181. ಮೂರರಿಂದ ಭಾಗಿಸಿದರೆ 1 ಉಳಿಯಿತು. ಮೂರನೇ ಹೆಜ್ಜೆಗೇ ಆಟ ಮುಗಿಯಿತು.

ಈಗ ಪೆನ್ನು ತೆಗೆದುಕೊಳ್ಳಿ. ಅಡಿಕೆ ಸುಲಿಯುತ್ತಾ ಕೇಳುತ್ತಿರುವವರು ಪಕ್ಕದಲ್ಲಿರುವ ಮಕ್ಕಳ ಕೈಲಿ ಬರೆಸಿ. 38 ಕೋಟಿ 16 ಲಕ್ಷದ 54 ಸಾವಿರದ 729. ಬಿಡಿಸಿ ಹೇಳುತ್ತೇನೆ: 3, 8, 1, 6, 5, 4, 7, 2, 9. ಒಂದರಿಂದ ಒಂಬತ್ತರವರೆಗೆ ಎಲ್ಲ ಅಂಕಿಯೂ ಇದೆ, ಯಾವುದೂ ಎರಡು ಸಲ ಬಂದಿಲ್ಲ. 38 ಎರಡರಿಂದ, 381 ಮೂರರಿಂದ, 3816 ನಾಲ್ಕರಿಂದ, ಹೀಗೇ ಸಾಗಿ ಇಡೀ ಸಂಖ್ಯೆ ಒಂಬತ್ತರಿಂದ ಭಾಗವಾಗುತ್ತದೆ. ಎಲ್ಲೂ ಶೇಷವಿಲ್ಲ. ಕೊನೆಗೊಂದು ಸೊನ್ನೆ ಇಟ್ಟರೆ ಹತ್ತರಿಂದಲೂ ಆಯಿತು. ಅದು ಸುಮ್ನೆ ಸಿಕ್ಕಿದ್ದು.

ಈ ಒಂಬತ್ತು ಅಂಕಿಗಳನ್ನು 3,62,880 ರೀತಿಯಲ್ಲಿ ಜೋಡಿಸಬಹುದು. ಅಷ್ಟರಲ್ಲಿ ಈ ಗುಣ ಇರುವುದು ಇದೊಂದಕ್ಕೇ. ಹಾಗಂತ ಅಷ್ಟನ್ನೂ ಬರೆದು ನೋಡಬೇಕಾ? ಬೇಡ. ಐದನೇ ಜಾಗದಲ್ಲಿ 5 ಇರಲೇಬೇಕು, ಸೊನ್ನೆ ನಮ್ಮ ಹತ್ತಿರ ಇಲ್ಲವಲ್ಲ. ಎರಡು, ನಾಲ್ಕು, ಆರು, ಎಂಟನೇ ಜಾಗಗಳಿಗೆ ಸಮ ಅಂಕಿಗಳೇ ಬೇಕು. ಅಲ್ಲಿಗೆ ಉಳಿದ ಜಾಗಗಳೆಲ್ಲ ಬೆಸ ಅಂಕಿಗಳ ಪಾಲು. ನಾಲ್ಕನೇ ಮತ್ತು ಎಂಟನೇ ಜಾಗದಲ್ಲಿ 2 ಮತ್ತು 6 ಬಿಟ್ಟರೆ ಬೇರೆ ಕೂರುವುದಿಲ್ಲ. ಮೂರರ, ಆರರ ನಿಯಮ ಸೇರಿಸಿದರೆ ನಡುವಿನ ಮೂರು ಅಂಕಿ 258 ಆಗಬೇಕು, ಇಲ್ಲವೇ 654. ಒಂಬತ್ತರ ಚಿಂತೆಯೇ ಇಲ್ಲ. ಹೇಗೆ ಜೋಡಿಸಿದರೂ ಅಂಕಿಗಳ ಮೊತ್ತ 45. ಮಂಡಿಯಲ್ಲಿ ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಅಂತ ಬೇರೆ ಮಾಡಿದ ಹಾಗೆ ವಿಂಗಡಿಸುತ್ತಾ ಹೋದರೆ ಕಡೆಗೆ ಉಳಿಯುವುದು ಬರೀ ಹತ್ತು ಸಂಖ್ಯೆ.

ಆ ಹತ್ತರ ಹಣೆಬರಹ ಬರೆಯುವುದು ಏಳು. ಇಂಥ ಉಪಾಯಗಳು ಏಳರ ಹತ್ತಿರ ನಡೆಯುವುದಿಲ್ಲ. ಕೂತು ಭಾಗಿಸಿಯೇ ನೋಡಬೇಕು. ನನಗೆ ಜಾಸ್ತಿ ಇಷ್ಟ ಈ ಕೊನೆಯ ಸುತ್ತೇ. ಹತ್ತರಲ್ಲೊಂದು ಶುರುವಾಗುವುದು 9876543 ಅಂತ. ಎಷ್ಟು ಚೆಂದ ಇದೆ, ಅಲ್ವಾ? ಆದರೆ ಏಳರಿಂದ ಭಾಗಿಸಿದರೆ 5 ಉಳಿಯುತ್ತದೆ. ಇನ್ನೊಂದು 1836547. ನಮ್ಮ ಸಂಖ್ಯೆಯ ಮೊದಲ ಅಂಕಿ, ಮೂರನೇ ಅಂಕಿ ಅದಲುಬದಲಾಗಿವೆ, ಅಷ್ಟೇ. ಅದಕ್ಕೂ 6 ಶೇಷ. 3816547 ಮಾತ್ರ ಸರಿಯಾಗಿ 5,45,221 ಸಲ ಹೋಗುತ್ತದೆ.

ಅಂಕಿಗಳು ಮತ್ತೆ ಮತ್ತೆ ಬರಬಹುದು, ಸೊನ್ನೆಯೂ ಇರಲಿ ಅಂದರೆ ಆಟ ಇನ್ನೂ ಉದ್ದ ಹೋಗುತ್ತದೆ. ಆದರೂ 25 ಅಂಕಿಗೆ ನಿಂತುಬಿಡುತ್ತದೆ. ಅಲ್ಲಿವರೆಗೆ ಮುಟ್ಟುವುದೂ ಒಂದೇ ಸಂಖ್ಯೆ. ಕೋಟಿ, ಲಕ್ಷ ಅಂತ ಹೇಳಹೊರಟರೆ ನನಗೆ ಕೊಟ್ಟ ಸಮಯ ಸಾಲದು. ಐದೈದೇ ಅಂಕಿ ಓದುತ್ತೇನೆ, ಬರೆದುಕೊಳ್ಳಿ: 36085, 28850, 36840, 07860, 36725. ಇದರ ಬಲಕ್ಕೆ ಸೊನ್ನೆಯಿಂದ ಒಂಬತ್ತರವರೆಗೆ ಯಾವ ಅಂಕಿ ಹಾಕಿದರೂ 26ರಿಂದ ಭಾಗವಾಗುವುದಿಲ್ಲ.